ಕೊನೆಯವರೆಗೆ ಕೇಳಿಯೇ ಅಳಿಸುವ ಚೀಟಿ ಅಕ್ಕ

2024ರ ಮಾರ್ಚ್ 9, ಶನಿವಾರ, ಬೆಳಿಗ್ಗೆ 5 ಗಂಟೆ 40 ನಿಮಿಷ. ಎರಡನೇ ಮಹಡಿಯ ಮನೆಯೊಂದರಲ್ಲಿ, ಊಟದ ಮೇಜಿನ ತುದಿಗಿಟ್ಟ ಹದಿನಾಲ್ಕು ವರ್ಷ ಹಳೆಯ ಕಂಪ್ಯೂಟರ್ ನಿಧಾನವಾಗಿ ಕಣ್ಣು ಬಿಡುತ್ತಿದೆ. ಅದರ ಮುಂದೆ ಕೂತಿರುವ ನಲವತ್ತೆಂಟು ವರ್ಷದ ಹೆಂಗಸು ಮೊದಲು ಇಂಟರ್‌ನೆಟ್ ವೈರನ್ನು ಕೀಳುತ್ತಾರೆ. ಕಿತ್ತ ವೈರನ್ನು ಕಿಟಕಿಯ ಸರಳಿಗೆ ಸುತ್ತಿ ಗಂಟು ಹಾಕುತ್ತಾರೆ.

"ಕೆಳಗೆ ಬಿಟ್ರೆ ಯಾರಾದ್ರೂ ಅಯ್ಯೋ ಪಾಪ, ಬಿದ್ದುಹೋಗಿದೆ ಅಂತ ವಾಪಸ್ ಚುಚ್ಚಿಬಿಡ್ತಾರೆ. ಜನರ ಒಳ್ಳೇತನಾನೇ ನನಗೆ ಅರ್ಧ ಕಷ್ಟ," ಎನ್ನುತ್ತಾರೆ.

ಸುತ್ತಲಿನ ಬೀದಿಗಳಲ್ಲಿ ಇವರಿಗೆ 'ಚೀಟಿ ಅಕ್ಕ' ಎಂದೇ ಹೆಸರು. ಕಂಪ್ಯೂಟರ್ ಕೊಂಡಾಗಲೇ ಅದರೊಳಗೆ ಕೂತು ಬರುವ ಕೆಲವು ಸಾಫ್ಟ್‌ವೇರ್‌ಗಳಿರುತ್ತವೆ: ಹಳೆಯ ಬ್ರೌಸರ್, ವಿಡಿಯೊ ತೋರಿಸುವ ಪುಟ್ಟ ಜೋಡಣೆ, ದನಿ ಮುದ್ರಿಸುವ ರೆಕಾರ್ಡರ್. ಮಾಡಿದವರು ಅವನ್ನು ಕೈಬಿಟ್ಟು ಎಷ್ಟೋ ವರ್ಷಗಳಾಗಿರುತ್ತವೆ. ಹೊಸ ದೋಷ ಕಂಡರೆ ಸರಿಪಡಿಸುವವರಿಲ್ಲ, ಕಳ್ಳರು ನುಗ್ಗಲು ಅದೇ ದಾರಿಯಾಗುತ್ತದೆ. ಅಂಥವನ್ನು ಹುಡುಕಿ, ಮನೆಯವರ ಯಾವುದೇ ಕೆಲಸ ನಿಲ್ಲದಂತೆ ತೆಗೆಯುವುದು ಚೀಟಿ ಅಕ್ಕನ ಕಸುಬು.

ಹೆಸರು ಬಂದದ್ದು ಅವರ ಕೆಲಸದ ಕ್ರಮದಿಂದ. ಯಾವುದನ್ನೂ ಅವರು ಮೊದಲ ದಿನವೇ ಅಳಿಸುವುದಿಲ್ಲ. ಎಲ್ಲದರ ನಕಲು ಇಟ್ಟುಕೊಂಡು, ಬೇಡವೆನಿಸಿದ್ದನ್ನು ಬರೀ ನಿಲ್ಲಿಸುತ್ತಾರೆ. ಆಮೇಲೆ ಪರದೆಯ ಪಕ್ಕ ಒಂದು ಹಳದಿ ಚೀಟಿ ಅಂಟಿಸಿ, ದಾರದಲ್ಲಿ ಪೆನ್ಸಿಲ್ ಕಟ್ಟಿ ಹೋಗುತ್ತಾರೆ. ಏಳು ದಿನ ಮನೆಯವರು ಎಂದಿನಂತೆ ಇರಬೇಕು. ಏನು ತೆರೆಯಲಿಲ್ಲವೋ ಅದನ್ನು ಚೀಟಿಯಲ್ಲಿ ಬರೆಯಬೇಕು. ಚೀಟಿ ಖಾಲಿ ಉಳಿದರೆ ಮಾತ್ರ ಅಳಿಸುವ ಮಾತು.

"ಹಳೇ ಮನೆ ಕಂಬ ಇದ್ದಹಾಗೆ ಇವು. ದಂಡಕ್ಕೆ ನಿಂತಿದೆ ಅನ್ಸುತ್ತೆ. ತೆಗೆದ ಮೇಲೆ ಗೊತ್ತಾಗೋದು, ಅಟ್ಟ ಅದರ ಮೇಲೇ ಕೂತಿತ್ತು ಅಂತ."

ದಿನಕ್ಕೆ ಎರಡು ಮನೆ, ಹೆಚ್ಚಿಲ್ಲ. ಸರಾಸರಿ ಒಂದು ಕಂಪ್ಯೂಟರಿನಲ್ಲಿ ಹನ್ನೊಂದು ಹಳೆಯ ಸಾಫ್ಟ್‌ವೇರ್ ಸಿಗುತ್ತವೆ. ಏಳನ್ನು ತೆಗೆಯಬಹುದು, ಮೂರನ್ನು ತೆಗೆದರೆ ಬೇರೆಯದಕ್ಕೆ ಪೆಟ್ಟಾಗುವುದರಿಂದ ನೆಟ್ ಮುಟ್ಟದಂತೆ ಬಾಯಿ ಕಟ್ಟಿ ಬಿಡಬೇಕು, ಒಂದನ್ನು ಮುಟ್ಟದಿರುವುದೇ ಕ್ಷೇಮ. ಮುಗಿದ ಮನೆಗಳ ಚೀಟಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಈವರೆಗೆ ಮುನ್ನೂರ ನಲವತ್ತು.

ಓದಿದ್ದು ಹತ್ತನೇ ತರಗತಿ. ಕಂಪ್ಯೂಟರ್ ರಿಪೇರಿ ಅಂಗಡಿಯ ಕೌಂಟರಿನಲ್ಲಿ ಕೂತು ಹದಿನಾಲ್ಕು ವರ್ಷ ದೂರು ಬರೆದುಕೊಂಡರು. ಒಳಗಿನ ಮೆಕ್ಯಾನಿಕ್‌ಗಳು ಯಂತ್ರ ನೋಡುತ್ತಿದ್ದರೆ ಇವರು ಯಂತ್ರದ ಜೊತೆ ಬಂದವರ ಮುಖ ನೋಡುತ್ತಿದ್ದರು. ಕೆಟ್ಟು ಬಂದವುಗಳಿಗಿಂತ, ರಿಪೇರಿಯಾದ ಮೇಲೆ "ಮೊದಲು ಇದ್ದದ್ದು ಈಗಿಲ್ಲ" ಎಂದು ಮರಳಿ ಬಂದವರ ಮುಖ ಹೆಚ್ಚು ಸಪ್ಪೆಯಾಗಿರುತ್ತಿತ್ತಂತೆ. ಅಂಗಡಿ ಮುಚ್ಚಿದಾಗ, ಕೇಳಿ ಕಲಿತದ್ದು ಅರ್ಧ, ಮನೆಯ ಹಳೆಯ ಯಂತ್ರವನ್ನು ಕೆಡಿಸಿ ಕಲಿತದ್ದು ಅರ್ಧ, ಎರಡನ್ನೂ ಹೊತ್ತು ಸೈಕಲ್ ಏರಿದರು. ಅವರ ಅತ್ತೆಗೆ ಈ ಕಸುಬಿನ ಬಗ್ಗೆ ಭ್ರಮೆಯಿಲ್ಲ. "ಕಸ ಗುಡಿಸೋದು ತಾನೇ? ಪೊರಕೆ ಕಾಣಲ್ಲ, ಅಷ್ಟೆ," ಎನ್ನುತ್ತಾರಂತೆ. "ಸರಿಯಾಗೇ ಹೇಳ್ತಾರೆ ನಮ್ಮತ್ತೆ," ಎಂದು ಸೊಸೆ ನಗುತ್ತಾರೆ.

ಈ ಮನೆಯಲ್ಲಿ ಇಬ್ಬರೇ. ಇಪ್ಪತ್ತನಾಲ್ಕರ ಮಗಳು ಪ್ರಕಾಶನ ಸಂಸ್ಥೆಯೊಂದಕ್ಕೆ ಮನೆಯಿಂದಲೇ ಕರಡು ತಿದ್ದುತ್ತಾಳೆ. ಅಪ್ಪ ದೂರದ ಬಸ್ಸುಗಳ ಡ್ರೈವರ್ ಆಗಿದ್ದವರು. ಆರು ವರ್ಷದ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವರ ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅಂದಿನಿಂದ ಮಾತೆಲ್ಲ ಪಾಟಿಯ ಮೇಲೆ ಸೀಮೆಸುಣ್ಣದಲ್ಲಿ.

ಹಳೆಯ ರೆಕಾರ್ಡರ್ ತೆಗೆಯದಿದ್ದರೆ ಸೋಮವಾರ ಬೆಳಿಗ್ಗೆ ಒಂಬತ್ತರಿಂದ ಈ ಕಂಪ್ಯೂಟರಿಗೆ ಕೆಲಸ ಕಳಿಸುವುದಿಲ್ಲ ಎಂದು ಮಗಳ ಆಫೀಸು ತಿಳಿಸಿತ್ತು. ನಿಲ್ಲಿಸಿದರೆ ಸಾಲದು, ಪೂರ್ತಿ ಹೋಗಬೇಕು. ಹೋದ ಶನಿವಾರ ಚೀಟಿ ಅಕ್ಕ ಬಂದು ಅದನ್ನು ನಿಲ್ಲಿಸಿ, ಚೀಟಿ ಅಂಟಿಸಿ ಹೋದರು. ಅದನ್ನು ಬಳಸುವವರು ಮನೆಯಲ್ಲಿ ಯಾರೂ ಇಲ್ಲ ಎಂದು ಮಗಳು ಖಚಿತವಾಗಿ ಹೇಳಿದ್ದಳು. ಮೂರನೇ ದಿನ ಚೀಟಿಯಲ್ಲಿ ಡ್ರೈವರ್ ಅಪ್ಪನ ದಪ್ಪ ಅಕ್ಷರದ ಒಂದು ಸಾಲಿತ್ತು: "ನನ್ನ ದನಿ ತೆರೀತಿಲ್ಲ."

ಮಗಳಿಗೆ ಹತ್ತು ವರ್ಷವಿದ್ದಾಗ, ರಾತ್ರಿ ಡ್ಯೂಟಿಗೆ ಹೊರಡುವ ಮುನ್ನ ಅಪ್ಪ ಇದೇ ಕಂಪ್ಯೂಟರಿನಲ್ಲಿ ಕತೆ ಮುದ್ರಿಸಿಟ್ಟು ಹೋಗುತ್ತಿದ್ದರು. ಅಂಥವು ಇಪ್ಪತ್ತಮೂರು. ಅವು ಆ ರೆಕಾರ್ಡರ್‌ನಲ್ಲಿ ಮಾತ್ರ ತೆರೆಯುತ್ತವೆ. ಮಗಳು ಅವನ್ನು ಮರೆತೇ ಬಿಟ್ಟಿದ್ದಳು. ಅಪ್ಪ ಮಧ್ಯಾಹ್ನ ಅವಳು ತರಕಾರಿಗೆ ಹೋದಾಗ ಕೇಳುತ್ತಿದ್ದರು.

"ನನಗೊಂದು ಮಾತು ಹೇಳಬಾರದಿತ್ತಾ ಅಪ್ಪ?" ಎಂದು ಮಗಳು ಈಗಲೂ ಕೇಳುತ್ತಾಳೆ.

ಅಪ್ಪ ಪಾಟಿಯಲ್ಲಿ ಬರೆಯುತ್ತಾರೆ: "ಹೇಗೆ ಹೇಳಲಿ?" ಬರೆದು, ಹುಬ್ಬು ಹಾರಿಸಿ ತಾವೇ ನಗುತ್ತಾರೆ.

ಹಾಗಾಗಿ ಇಂದಿನ ಕೆಲಸ ಅಳಿಸುವುದಷ್ಟೇ ಅಲ್ಲ. ನೆಟ್ ಕಿತ್ತು, ರೆಕಾರ್ಡರ್‌ಗೆ ಮತ್ತೆ ಜೀವ ಕೊಟ್ಟು, ಇಪ್ಪತ್ತಮೂರನ್ನೂ ಎಲ್ಲ ಕಡೆ ತೆರೆಯುವ ರೂಪಕ್ಕೆ ಬದಲಿಸಬೇಕು. ಬದಲಿಸುವುದಕ್ಕೆ ಹತ್ತು ನಿಮಿಷವೂ ಬೇಡ. ಆದರೆ ಚೀಟಿ ಅಕ್ಕ ಬದಲಿಸಿದ ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ. ಹಳೆಯದರ ಉದ್ದ, ಹೊಸದರ ಉದ್ದ, ಎರಡನ್ನೂ ಒಂದು ಪುಸ್ತಕದಲ್ಲಿ ಪಕ್ಕಪಕ್ಕ ಬರೆದುಕೊಳ್ಳುತ್ತಾರೆ.

ಅದಕ್ಕೆ ಕಾರಣವಿದೆ. ಮೂರು ವರ್ಷದ ಹಿಂದೆ ಸಂಗೀತದ ಟೀಚರೊಬ್ಬರ ಮನೆಯಲ್ಲಿ, ಅವರ ಗುರುಗಳ ಪಾಠದ ದನಿಮುದ್ರಣಗಳನ್ನು ಹೀಗೇ ಬದಲಿಸಿದ್ದರು. ಪ್ರತಿಯೊಂದರ ಆರಂಭವನ್ನು ಕೇಳಿ, ಸರಿಯಿದೆಯೆಂದು ಮೂಲವನ್ನೂ ಅದರ ನಕಲನ್ನೂ ಅಳಿಸಿದರು. ಬದಲಿಸುವ ಸಾಫ್ಟ್‌ವೇರ್ ಪುಕ್ಕಟೆಯದು. ಮೊದಲ ಒಂದು ನಿಮಿಷವನ್ನಷ್ಟೇ ಬದಲಿಸಿತ್ತು.

"ಆ ಟೀಚರ್ ಬೈಲಿಲ್ಲ. 'ನೀವು ಬೇಕು ಅಂತ ಮಾಡಿದ್ದಲ್ಲ ಬಿಡಿ' ಅಂದ್ರು, ಕಾಫಿ ಕೊಟ್ಟು ಕಳಿಸಿದ್ರು. ಬೈದಿದ್ರೆ ಇಷ್ಟೊತ್ತಿಗೆ ಮರೀತಿದ್ನೇನೋ." ಅವರು ಮುಂದಿನ ಕತೆಯ ಉದ್ದ ಬರೆದುಕೊಳ್ಳುತ್ತಾರೆ. "ನಲವತ್ತು ಪಾಠ. ಎಲ್ಲದರದ್ದೂ ಒಂದೊಂದೇ ನಿಮಿಷ ಉಳೀತು."

ಏಳು ಗಂಟೆ. ಮನೆಯಲ್ಲಿ ಗಟ್ಟಿ ಗಂಡಸಿನ ದನಿಯೊಂದು ಓಡಾಡುತ್ತಿದೆ. ಕತೆಗಳೆಲ್ಲ ಬಸ್ಸಿನವೇ. ಒಂದು ಸ್ಟಾಪಿನಲ್ಲಿ ಮೊಲ ಹತ್ತುತ್ತದೆ, ಅದರ ಹತ್ತಿರ ಚಿಲ್ಲರೆಯಿಲ್ಲ. ಇನ್ನೊಂದರಲ್ಲಿ ಆನೆ ಹತ್ತಿ ಹಿಂದಿನ ಸೀಟೇ ಬೇಕೆಂದು ಹಟ ಹಿಡಿಯುತ್ತದೆ. ಡ್ರೈವರ್ ಅಪ್ಪ ಗೋಡೆಗೊರಗಿ ಕೂತು, ಬಲಗೈಯಲ್ಲಿ ಕಾಣದ ಗೇರನ್ನು ಬದಲಿಸುತ್ತಿದ್ದಾರೆ. ಮಗಳು ಎದುರಿಗಿಟ್ಟ ಕರಡಿನ ಹಾಳೆಯನ್ನು ಒಂದು ಗಂಟೆಯಿಂದ ತಿರುಗಿಸಿಲ್ಲ.

ಹದಿನೇಳನೆಯದರಲ್ಲಿ ಚೀಟಿ ಅಕ್ಕನ ಪೆನ್ಸಿಲ್ ನಿಲ್ಲುತ್ತದೆ. ಹಳೆಯದು ಏಳು ನಿಮಿಷ ಇಪ್ಪತ್ತೊಂದು ಸೆಕೆಂಡು. ಹೊಸದು ಏಳು ನಿಮಿಷ ಹನ್ನೆರಡು.

"ಒಂಬತ್ತು ಸೆಕೆಂಡ್ ತಾನೇ ಅಕ್ಕಾ? ಪರವಾಗಿಲ್ಲ ಬಿಡಿ," ಎನ್ನುತ್ತಾಳೆ ಮಗಳು.

"ಅದರಲ್ಲಿ ಏನಿದೆ ಅಂತ ನಿನಗೆ ಗೊತ್ತಾ ಮಗಳೇ?"

"ಇಲ್ಲ."

"ಮತ್ತೆ? ನನಗೂ ಗೊತ್ತಿಲ್ಲ."

ಹಳೆಯದನ್ನೇ ಹಾಕಿ ಕೇಳುತ್ತಾರೆ. ಕತೆ ಮುಗಿದು, ಟಕ್ ಎಂದು ಸದ್ದಾಗಿ, ಎಲ್ಲ ನಿಶ್ಶಬ್ದ. ಬದಲಿಸುವ ಸಾಫ್ಟ್‌ವೇರ್ ಇಲ್ಲಿಗೇ ಮುಗಿಯಿತೆಂದು ತಿಳಿದು ಬಿಟ್ಟಿದೆ. ಆದರೆ ಅದು ಮುಗಿತಾಯವಲ್ಲ, ಅಪ್ಪ ಅಂದು ಒಮ್ಮೆ ನಿಲ್ಲಿಸಿ ಮತ್ತೆ ಒತ್ತಿದ ಜಾಗ. ಆಮೇಲೆ, ಮೈಕಿಗೆ ತೀರ ಹತ್ತಿರದಲ್ಲಿ, ಅದೇ ದನಿ ಮೆಲ್ಲಗೆ: "ನಿದ್ದೆ ಬಂತಾ ಕಂದಾ? ಬರ್ಲಿಲ್ವಾ? ಸರಿ, ನಾಳೆ ನಾನು ಬರೋತನಕ ಆ ಮೊಲಾನ ನೀನೇ ನೋಡ್ಕೋ."

ಮಗಳು ಎದ್ದು ಅಡುಗೆಮನೆಗೆ ಹೋಗುತ್ತಾಳೆ. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸುತ್ತದೆ. ಅಪ್ಪ ಪಾಟಿಯಲ್ಲಿ ಬರೆದು ಚೀಟಿ ಅಕ್ಕನಿಗೆ ತೋರಿಸುತ್ತಾರೆ: "ಅವತ್ತೂ ಮಲಗಿರಲಿಲ್ಲ ಇವಳು."

"ನಿಮ್ಮ ಕತೆ ಕೇಳಿದ್ರೆ ಯಾರಿಗೆ ನಿದ್ದೆ ಬರುತ್ತೆ ಯಜಮಾನ್ರೇ? ಆನೆಗೆ ಸೀಟು ಸಿಗ್ತೋ ಇಲ್ವೋ ಅಂತ ನನಗೇ ತಳಮಳ!"

ಈ ಒಂದನ್ನು ಹಾಗೆ ಬದಲಿಸಲಾಗದು. ಹಳೆಯ ರೆಕಾರ್ಡರ್ ನುಡಿಸುತ್ತಿರುವಾಗಲೇ ಹೊಸ ರೆಕಾರ್ಡರ್ ಅದನ್ನು ಒಳಗಿಂದೊಳಗೆ ಮುದ್ರಿಸಿಕೊಳ್ಳಬೇಕು. ಕತೆ ಎಷ್ಟು ಉದ್ದವೋ ಅಷ್ಟೂ ಹೊತ್ತು. ಹೊರಗಿನ ಸದ್ದು ಅದಕ್ಕೆ ಸೇರುವುದಿಲ್ಲ. ಆದರೂ ಮೂವರೂ ಅಲುಗಾಡದೆ ಕೂತಿದ್ದಾರೆ. ಮಗಳು ನಲ್ಲಿಯನ್ನೂ ನಿಲ್ಲಿಸಿ ಬಂದಿದ್ದಾಳೆ. ಮುಗಿದ ಮೇಲೆ ಚೀಟಿ ಅಕ್ಕ ಅದನ್ನೂ ಕೊನೆಯವರೆಗೆ ಕೇಳಿ, ಉದ್ದ ಬರೆದುಕೊಂಡು, ಹದಿನೆಂಟನೆಯದಕ್ಕೆ ಹೋಗುತ್ತಾರೆ.

ಎಲ್ಲ ಮುಗಿದಾಗ ಎಂಟು ಐವತ್ತು. ಒಂದು ನಕಲು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಅಪ್ಪನ ಮೊಬೈಲಿನಲ್ಲಿ. ಮೊಬೈಲಿನದನ್ನು ಅಪ್ಪ ತಾವೇ ತೆರೆದು ನೋಡಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಚೀಟಿ ಅಕ್ಕ ಮೌಸನ್ನು ಅವರತ್ತ ಸರಿಸುತ್ತಾರೆ. "ನೀವು ಒತ್ತಿದ್ರೇನೇ ಇದು ಹೋಗೋದು ಯಜಮಾನ್ರೇ. ಅವಸರ ಇಲ್ಲ."

ಡ್ರೈವರ್ ಅಪ್ಪ ಎರಡು ಕ್ಷಣ ಪರದೆ ನೋಡಿ, ಒತ್ತುತ್ತಾರೆ. ರೆಕಾರ್ಡರ್ ಹೋಗುತ್ತದೆ.

ಮುಂದೇನು ಆಸೆ ಎಂದು ಕೇಳಿದರೆ ಚೀಟಿ ಅಕ್ಕ ಚೀಲಕ್ಕೆ ಸಾಮಾನು ತುಂಬುತ್ತಲೇ ಹೇಳುತ್ತಾರೆ: "ಆ ಟೀಚರ್ ಮನೆಗೆ ಇನ್ನೊಂದ್ಸಲ ಹೋಗ್ಬೇಕು. ಅವರ ಹಳೇ ಶಿಷ್ಯರ ಹತ್ರ ಆ ಪಾಠಗಳು ಏನಾದ್ರೂ ಉಳಿದಿರಬಹುದು. ಸಿಕ್ಕಿದ್ರೆ ಪೂರ್ತಿ ಕೂತು ಕೇಳ್ತೀನಿ."

ಬಾಗಿಲ ಬಳಿ ಮಗಳು ಅವರ ಪುಸ್ತಕ ಕೇಳಿ ಪಡೆದು, ಇಪ್ಪತ್ತಮೂರು ಕತೆಗಳ ಉದ್ದವನ್ನು ಕೂಡುತ್ತಾಳೆ. ಎರಡು ಸಲ ಕೂಡಿ, ಉತ್ತರ ಒಂದೇ ಬಂದ ಮೇಲೆ ಅಪ್ಪನ ಪಾಟಿಯಲ್ಲಿ ಬರೆಯುತ್ತಾಳೆ: ಎರಡು ಗಂಟೆ ಹದಿನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡು.