ನಾನು ಮಲಗಿಸಿದ ಸ್ವರ

1959ರಲ್ಲಿ ನನಗೆ ಇಪ್ಪತ್ತಮೂರು ವರ್ಷ. ಉದ್ಯೋಗವೇನೆಂದು ಯಾರಾದರೂ ಕೇಳಿದರೆ "ಕಾನ್ಸರ್ಟ್ ಪಿಯಾನಿಸ್ಟ್" ಎನ್ನುತ್ತಿದ್ದೆ. "ಅದು ಸರಿ, ಕೆಲಸ ಏನು?" ಎಂದು ಮತ್ತೆ ಕೇಳುತ್ತಿದ್ದರು. ಬೆಳಿಗ್ಗೆ ಕಾನ್ವೆಂಟಿನ ಮಕ್ಕಳಿಗೆ ಪಾಠ. ವರ್ಷಕ್ಕೆ ಎರಡೋ ಮೂರೋ ರಿಸೈಟಲ್, ಅಂದರೆ ಒಬ್ಬಳೇ ಕೂತು ನುಡಿಸುವ ಕಛೇರಿ. ನನ್ನ ಕೆರಿಯರ್ ಅಷ್ಟೇ ಇತ್ತು.

ತಂದೆ ಯಲಹಂಕದಲ್ಲಿ ದನದ ಡಾಕ್ಟರು. ಇಂಗ್ಲೆಂಡಿಗೆ ಹೊರಟ ದೊರೆಯೊಬ್ಬರು ಬಿಟ್ಟುಹೋದ ಹಳೆಯ ಪಿಯಾನೊ ನಮ್ಮ ಹಾಲಿನಲ್ಲಿತ್ತು. ಮಳೆಗಾಲದಲ್ಲಿ ಮರ ಉಬ್ಬದಿರಲೆಂದು ಅದರೊಳಗೆ ಒಂದು ಬಲ್ಬು ಉರಿಸಿಡುತ್ತಿದ್ದೆವು. ಆದರೂ ನಡುಮಧ್ಯದ 'ಇ' ಎಂಬ ಬಿಳಿ ಕೀ ಹಿಡಿದುಕೊಳ್ಳುತ್ತಿತ್ತು. ಉಳಿದ ಎಂಬತ್ತನಾಲ್ಕು ಕೀಗಳಿಗೆ ಬೆರಳು ಸಾಕು. ಇದಕ್ಕೆ ತೋಳಿನ ಭಾರವನ್ನೇ ಹಾಕಬೇಕು. ದಿನಕ್ಕೆ ಐದು ಗಂಟೆಯಂತೆ ಒಂಬತ್ತು ವರ್ಷ ಹಾಕಿದೆ. ಹಾಕುತ್ತಿದ್ದೇನೆಂಬುದೇ ಮರೆತುಹೋಗಿತ್ತು.

ಅದು ಗೊತ್ತಿದ್ದವಳು ಪಕ್ಕದ ಕೋಗಿಲು ಹಳ್ಳಿಯಿಂದ ಹಾಲು ತರುತ್ತಿದ್ದ ಮುನಿಯಮ್ಮ ಒಬ್ಬಳೇ.

"ಅಮ್ಮಣ್ಣಿ, ಯಾಕವ್ವಾ ಅದೊಂದನ್ನ ಇಂಗ್ ಗುದ್ತೀಯ? ಏನ್ ಮಾಡ್ತು ನಿಂಗೆ ಅದು?"

"ನಿನಗೆ ಇದೆಲ್ಲ ಅರ್ಥ ಆಗೋಲ್ಲ, ಮುನಿಯಮ್ಮ." ಲಂಡನ್ನಿನ ಡಿಪ್ಲೊಮಾ ಪಡೆದಿದ್ದ ಹುಡುಗಿಯ ಪ್ರೈಡ್ ನೋಡಿ!

"ಅರ್ಥ ಯಾಕಾಗ್ಬೇಕು, ಕಿವಿ ಐತಲ್ಲ," ಎಂದು ಹಾಲು ಅಳೆದು ಹೋದಳು.

ಆ ಡಿಸೆಂಬರಿನಲ್ಲಿ ಜಾಲಹಳ್ಳಿಯ ಕಾರ್ಖಾನೆಯೊಂದರ ಸ್ಟಾಫ್ ಕ್ಲಬ್ಬಿಗೆ ಹೊಸ ಗ್ರ್ಯಾಂಡ್ ಪಿಯಾನೊ ಬಂತು. ಅದರ ಮೊದಲ ಕಛೇರಿಗೆ ಬೊಂಬಾಯಿಯ ಹಿರಿಯ ಪಿಯಾನಿಸ್ಟ್ ಮಿಸೆಸ್ ದಾರೂವಾಲಾ ಬರುವವರಿದ್ದರು. ಮೊದಲರ್ಧ ನಾನು, ಆಮೇಲೆ ಅವರು. ಮುಂದಿನ ತಿಂಗಳು ನಾಲ್ಕು ಊರುಗಳಿಗೆ ಟೂರ್ ಹೊರಡುವ ಅವರಿಗೆ ಜೊತೆಯಲ್ಲಿ ನುಡಿಸಲು ಎಳೆಯ ಪಿಯಾನಿಸ್ಟ್ ಬೇಕಿತ್ತು. ಅಂದು ನನ್ನನ್ನು ಕೇಳಿ ತೀರ್ಮಾನಿಸುವುದಾಗಿ ಪತ್ರ ಬರೆದಿದ್ದರು. ಮಕ್ಕಳ ತಪ್ಪು ತಾಳ ಎಣಿಸುತ್ತಲೇ ಮುದುಕಿಯಾಗಿಬಿಡುತ್ತೇನೆಂಬ ಭಯದಲ್ಲಿದ್ದವಳಿಗೆ ಅದೊಂದೇ ಬಾಗಿಲು.

ಮಧ್ಯಾಹ್ನ ಎರಡಕ್ಕೆ ಅಭ್ಯಾಸಕ್ಕೆ ಕೂತೆ. ಅದುವರೆಗೆ ನಾನು ನುಡಿಸಿದ್ದೆಲ್ಲ ಹಳೆಯ, ಮಂಕು ದನಿಯ ಪಿಯಾನೊಗಳು; ಇದರದ್ದು ಬೆಣ್ಣೆಯಂಥ ಕೀಗಳು. ಆದರೆ ಪ್ರತಿ ಸಾಲಿನಲ್ಲೂ ಒಂದು ಸ್ವರ ಮಾತ್ರ ಗಂಟೆ ಬಾರಿಸಿದ ಹಾಗೆ ಮೊಳಗಿತು. 'ಇ'. ಮತ್ತೆ ನುಡಿಸಿದೆ, ಮತ್ತೆ ಅದೇ. ತಡೆಯಲು ಹೋದರೆ ಕೈಯೆಲ್ಲ ತಡವರಿಸಿತು. ಒಂಬತ್ತು ವರ್ಷದ ಚಟ ನಾಲ್ಕು ಗಂಟೆಯಲ್ಲಿ ಹೋಗುತ್ತದೆಯೇ?

ಪಿಯಾನೊ ಶ್ರುತಿ ಮಾಡಲು ಬಂದಿದ್ದ ಟ್ಯೂನರ್ ಡಿಸೋಜಾ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. "ಮಿಸ್, ಮನೇಲಿ ಈ ಕೀ ಸ್ಟಿಫ್ ಇದೆ, ಅಲ್ವಾ?" ಎಂದರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಒಂದ್ ಕೆಲ್ಸ ಮಾಡ್ಬೋದು. ಆ ಹ್ಯಾಮರ್‌ಗೆ ಸೂಜಿ ಹಾಕ್ತೀನಿ."

ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಯ ಮೇಲೆ ಗಟ್ಟಿ ಉಣ್ಣೆ ಇರುತ್ತದೆ. ಅದನ್ನು ಸೂಜಿಯಿಂದ ಚುಚ್ಚಿದರೆ ಸ್ವರ ಮೆತ್ತಗಾಗುತ್ತದೆ. ಇದಕ್ಕೆ ವಾಯ್ಸಿಂಗ್ ಎನ್ನುತ್ತಾರೆ.

"ಆಮೇಲೆ ಮಿಸೆಸ್ ದಾರೂವಾಲಾ ಅವರೂ ಇದರಲ್ಲೇ ನುಡಿಸಬೇಕಲ್ಲ?"

"ನುಡಿಸ್ಬೇಕು. ಚುಚ್ಚಿದ್ಮೇಲೆ ಮೊದಲಿನ ಹಾಗೆ ಆಗಲ್ಲ ಮಿಸ್, ಯೋಚ್ನೆ ಮಾಡಿ."

ಯೋಚನೆ ಮಾಡಿದೆ. "ಚುಚ್ಚಿ," ಎಂದೆ.

ಸಂಜೆ ಆರಕ್ಕೆ ನುಡಿಸಿದೆ. ಯಾವ ಸ್ವರವೂ ಉಳಿದವನ್ನು ಮೀರಿ ಮೊಳಗಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಮಿಸೆಸ್ ದಾರೂವಾಲಾ ಮೊದಲ ಸಾಲಿನಿಂದ ತಲೆದೂಗಿದರು.

ನಂತರ ಅವರು ಕೂತರು. ಎತ್ತಿಕೊಂಡದ್ದು ತೀರ ನಿಧಾನದ ಒಂದು ರಚನೆ. ಅದರ ರಾಗವೆಲ್ಲ ಅದೇ 'ಇ'ಯ ಮೇಲೆ ಬಂದು ನಿಲ್ಲುವಂಥದ್ದು. ಮೊದಲ ಬಾರಿ ಆ ಸ್ವರ ಬಂದಾಗ ಬಾಯಲ್ಲಿ ಹಲ್ಲು ಬಿದ್ದ ಜಾಗದಂತಿತ್ತು. ಎರಡನೆಯ ಬಾರಿ ಅವರ ಮುಂಗೈ ಚೂರೇ ಇಳಿಯಿತು. ಮೂರನೆಯ ಬಾರಿಗೆ ಸ್ವರ ತುಂಬಿ ಬಂತು. ಸಭೆಗೆ ಏನೂ ತಿಳಿಯಲಿಲ್ಲ.

ಟೀ ಕುಡಿಯುವಾಗ ನನ್ನ ಬಳಿ ಬಂದು ಇಂಗ್ಲಿಷಿನಲ್ಲಿ ಕೇಳಿದರು: "ಹೊಸ ಪಿಯಾನೊ, ಆದರೂ ಒಂದು ಸ್ವರ ಮಲಗಿಬಿಟ್ಟಿದೆ. ನಿನಗೂ ಕೇಳಿಸಿತಾ, ಮೈ ಡಿಯರ್?"

ಹೌದು ಎಂದಷ್ಟೇ ಹೇಳಿದ್ದರೆ ಟೂರ್ ನನ್ನದು. ಪಕ್ಕದಲ್ಲಿ ಡಿಸೋಜಾ ತಮ್ಮ ಟೀ ಕಪ್ಪಿನೊಳಗೆ ನೋಡುತ್ತಿದ್ದರು. ನಾಳೆ ಬಯ್ಗುಳ ಬರುವುದು ಅವರಿಗೇ ಎಂದು ಹೊಳೆಯಿತು.

"ಮಲಗಿಸಿದ್ದು ನಾನು," ಎಂದೆ. ಮನೆಯ ಕೀಯಿಂದ ಸೂಜಿಯವರೆಗೆ ಎಲ್ಲ ಹೇಳಿದೆ.

ಅವರು ಸಿಟ್ಟಾಗಲಿಲ್ಲ. "ನಾಲ್ಕು ಊರು, ನಾಲ್ಕು ಪಿಯಾನೊ. ಪ್ರತಿ ಊರಿಗೂ ನಿನಗಿಂತ ಮೊದಲು ಸೂಜಿ ಹಿಡಿದು ಹೋಗುವವರು ಯಾರು?" ಎಂದರು. ಟೂರಿಗೆ ಮದ್ರಾಸಿನ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋದರು.

ಡಿಸೋಜಾ ಮರುವಾರ ಮನೆಗೆ ಬಂದು ಆ ಕೀ ಬಿಚ್ಚಿ ಮರ ಹೆರೆದರು. ಹತ್ತು ನಿಮಿಷದ ಕೆಲಸ.

ಕೈ ಸರಿಹೋಗಲು ಮಾತ್ರ ಎಂಟು ತಿಂಗಳು ಬೇಕಾಯಿತು. ಬೆಳಿಗ್ಗೆ ಹಾಲು ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕೂತಿರು, ಗುದ್ದಿದರೆ ಹೇಳು ಎಂದು ಮುನಿಯಮ್ಮನನ್ನು ಬೇಡಿಕೊಂಡೆ.

"ಅಯ್ಯೋ, ಡಿಪ್ಲಮೋ ಇರೋರ್ಗೆ ನಾನ್ ಯೋಳ್ಕೊಡಾದಾ?" ಎಂದು ನಕ್ಕಳು. ಆದರೆ ಕೂತಳು. ಒಂದು ದಿನ ಏನೂ ಹೇಳದೆ ಎದ್ದು ಹೊರಟಾಗ, ಯಾಕೆಂದು ಕೇಳಿದೆ. "ಜಗಳ ಮುಗ್ದೈತಲ್ಲ, ಇನ್ನೇನ್ ಕೇಳಾದು," ಎಂದಳು.

ಪಿಟೀಲಿನವರು ತಮ್ಮ ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತಾರೆ. ಪಿಯಾನಿಸ್ಟ್ ಬರಿಗೈಯಲ್ಲಿ ಹೋಗಿ, ಎದುರಿಗೆ ಸಿಕ್ಕ ವಾದ್ಯ ಏನು ಕೇಳುತ್ತಿದೆಯೆಂದು ಮೊದಲು ಕಿವಿಗೊಡಬೇಕು. ಮುಂದೆ ಮೂವತ್ತು ವರ್ಷ ಈ ಕೆಲಸದಲ್ಲಿ ಅನ್ನ ತಿಂದವಳಿಗೆ ಗೊತ್ತಿರುವುದು ಇಷ್ಟೇ.

ಮರುವರ್ಷ ಜಾಲಹಳ್ಳಿಯವರು ಮತ್ತೆ ಕರೆದರು. ಅದೇ ಪಿಯಾನೊ. ಮಿಸೆಸ್ ದಾರೂವಾಲಾ ನುಡಿಸಿದ ಆ ನಿಧಾನದ ರಚನೆಯನ್ನೇ ಆರಿಸಿಕೊಂಡೆ. 'ಇ' ಬಂದಾಗಲೆಲ್ಲ, ನಾನೇ ಚುಚ್ಚಿಸಿದ ಆ ಸ್ವರಕ್ಕೆ ಎಷ್ಟು ಬೇಕೋ ಅಷ್ಟೇ ಭಾರ ಕೊಟ್ಟು ಎಬ್ಬಿಸಿದೆ.