ದುರುಗಣ್ಣ ಬಿಟ್ಟುಬಿಟ್ಟ ಮೀನುಗಳು

ಕಮಲಾಪುರದ ದುರುಗಣ್ಣನಿಗೆ ಬಾಳೆತೋಟ ಹೊಟ್ಟೆಪಾಡು. ತೋಟದ ಮೂಲೆಯ ಹಳೆಯ ಹೊಂಡ ಪ್ರಾಣ. ಕಾಲುವೆ ನೀರಿನ ಜೊತೆ ಬಂದ ಮೀನುಗಳು ಅಲ್ಲಿ ನೆಲೆಸಿವೆ. ಸಂಜೆ ಕೆಲಸ ಮುಗಿದರೆ ಗಾಳ ಹಿಡಿದು ಕುಳಿತುಬಿಡುತ್ತಾನೆ. ಅವನಿಗೊಂದು ನೇಮವಿತ್ತು: ದೊಡ್ಡ ಮೀನು ಮನೆಗೆ, ಸಣ್ಣದು ನೀರಿಗೆ. ಬಿಡುವಾಗ ‘ಬೆಳೆದು ಬಾರಪ್ಪ’ ಎಂದು ಹರಸುತ್ತಿದ್ದ.

ಹರಕೆ ಫಲಿಸಲಿಲ್ಲ. ಬರಬರುತ್ತ ಹೊಂಡದ ತುಂಬ ಬೆರಳುದ್ದದ ಜಿಲೇಬಿ ಮೀನುಗಳೇ ಆದವು. ಅಂಥದ್ದರಲ್ಲಿ ಹೆಂಡತಿಯ ತಮ್ಮ ಉಚ್ಚೆಂಗೆಪ್ಪ ಕಂಪ್ಲಿಯಿಂದ ಫೋನ್ ಮಾಡಿದ.

“ಮಾವ, ಭಾನುವಾರ ಬರ್ತೀನಿ. ನಿನ್ನ ಹೊಂಡದಾಗ ದೊಡ್ಡ ಮೀನು ಐತೋ, ಕೋಳಿ ನಾನಾ ಹಿಡ್ಕೊಂಡು ಬರ್ಲೋ?”

ಬೀಗರು ಕೋಳಿ ತಂದರೆ ಮರ್ಯಾದೆ ಉಳಿಯುವುದುಂಟೆ? ಶನಿವಾರವಿಡೀ ಗಾಳ ಹಾಕಿದ. ಸಣ್ಣವನ್ನೆಲ್ಲ ಎಂದಿನಂತೆ ನೀರಿಗೆ ಬಿಟ್ಟ; ಕೊಕ್ಕೆ ನುಂಗಿ ಸತ್ತ ಒಂದು ಪುಟ್ಟ ಜಿಲೇಬಿಯಷ್ಟೇ ಕೈಯಲ್ಲುಳಿಯಿತು. ಹೆಂಡತಿ ಯಮನಮ್ಮ ಅದನ್ನು ಸೀಳಿ ನಕ್ಕಳು.

“ಇಲ್ನೋಡ್ರಿ, ಹೊಟ್ಟಿ ತುಂಬ ತತ್ತಿ. ನೀವು ಹರಸಿ ಬಿಟ್ಟಿದ್ದು ಕೂಸಲ್ಲ, ಬಸುರಿ!”

“ಇಷ್ಟು ಸಣ್ಣದಕ್ಕ?”

“ಉಣ್ಣಾಕ ಸಾಲ್ದಿದ್ರ ಇನ್ನೆಷ್ಟು ಬೆಳೀತಾವ?”

ಮಾತು ನಿಜವಾಗಿತ್ತು. ಬಾಯಿಗಳು ಹೆಚ್ಚಿದವು, ಮೇವು ಹೆಚ್ಚಲಿಲ್ಲ. ಮೈ ಬೆಳೆಯದಿದ್ದರೂ ಮೊಟ್ಟೆ ನಿಲ್ಲಲಿಲ್ಲ. ಮರಿಗಳನ್ನು ತಿಂದು ಸಂಖ್ಯೆ ಹದದಲ್ಲಿಡುವುದು ಕೊರಮೀನಿನ ಕೆಲಸ; ಸಿಕ್ಕ ಕೊರಮೀನನ್ನೆಲ್ಲ ದೊಡ್ಡದೆಂದು ದುರುಗಣ್ಣ ಸಾರು ಮಾಡಿಸಿದ್ದ.

ಭಾನುವಾರ ಬೆಳಿಗ್ಗೆ ಜೊಂಡಿನ ಅಂಚಿನಲ್ಲಿ ಕೊರಮೀನಿನ ಕೆಂಪು ಮರಿಗಳ ಗುಂಪೊಂದು ಕಂಡಿತು. ಕಾವಲಿಗೆ ತಾಯಿಯೋ ತಂದೆಯೋ ಕೆಳಗೇ ಇರುತ್ತದೆ. ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ. ದುರುಗಣ್ಣನ ಗಾಳವನ್ನೂ ಕಚ್ಚಿತು. ಮೊಳದುದ್ದದ ಕೊರಮೀನು! ಮರ್ಯಾದೆ ಕೈಯಲ್ಲೇ ಒದ್ದಾಡುತ್ತಿತ್ತು. ಅಷ್ಟರಲ್ಲಿ ಜಿಲೇಬಿಗಳು ಕಾವಲಿಲ್ಲದ ಮರಿಗಳಿಗೆ ಬಾಯಿ ಹಾಕತೊಡಗಿದವು. ದುರುಗಣ್ಣ ಸುತ್ತ ನೋಡಿದ. ಯಾರೂ ಇರಲಿಲ್ಲ. ಕೊಕ್ಕೆ ಬಿಡಿಸಿ ಮೀನನ್ನು ನೀರಿಗಿಳಿಸಿದ. ಆಮೇಲೆ ಬಲೆ ಬೀಸಿ ಬಕೆಟ್ ತುಂಬ ಜಿಲೇಬಿ ಹೊತ್ತು ತಂದ.

“ಇಷ್ಟು ಸಣ್ಣವನ್ನ ಯಾರು ಸೋಸ್ತಾರ? ನೀವಾ ಕುಂದ್ರಿ,” ಎಂದು ಯಮನಮ್ಮ ಚೂರಿ ಕೊಟ್ಟಳು. ಮಧ್ಯಾಹ್ನದವರೆಗೆ ಮೀನು ಸೀಳಿ ತೊಳೆಯುತ್ತ ಕುಳಿತ.

ಊಟಕ್ಕೆ ಕುಳಿತ ಉಚ್ಚೆಂಗೆಪ್ಪ, ತಟ್ಟೆಯಲ್ಲಿದ್ದ ಹುರಿದ ಮೀನೊಂದನ್ನು ಬಾಲ ಹಿಡಿದೆತ್ತಿದ. “ಮಾವ, ಇದು ಮೀನೋ, ಮೆಣಸಿನಕಾಯೋ?”

“ಮುಂಜಾನಿ ದೊಡ್ಡ ಕೊರಮೀನು ಸಿಕ್ಕಿತ್ತಲೇ. ಮರಿ ಇದ್ವು ಅಂತ ಬಿಟ್ಟೆ.”

“ಗಾಳ ಹಾಕೋರೆಲ್ಲ ಹಿಂಗಾ ಹೇಳ್ತಾರ, ಮಾವ,” ಎಂದು ಅವನು ಇನ್ನೊಂದು ಹಿಡಿ ಬಡಿಸಿಕೊಂಡ.