ಹನ್ನೆರಡನೇ ಬೆಡ್

ಅವರ ಎಡಗೈಯ ಹಿಂಬದಿ ಮಧ್ಯಾಹ್ನದೊಳಗೆ ಬಾಲ್‌ಪೆನ್ನಿನ ಬರಹದಿಂದ ನೀಲಿಯಾಗಿರುತ್ತಿತ್ತು: ಯಾರಿಗೆ ಜ್ವರ, ಯಾರಿಗೆ ಇಂಜೆಕ್ಷನ್, ಯಾರು ಮನೆಗೆ. ಹೊಸೂರು ರಸ್ತೆಯ ಆಸ್ಪತ್ರೆಯೊಂದರಲ್ಲಿ ಅವರು ಗಂಡಸರ ವಾರ್ಡಿನ ಹಿರಿಯ ಸಿಸ್ಟರ್. ಕೂತದ್ದನ್ನು ನಾನು ಕಂಡಿಲ್ಲ. ಕಾಫಿಯನ್ನೂ ನಡೆಯುತ್ತಲೇ ಕುಡಿಯುತ್ತಿದ್ದರು.

ಲ್ಯಾಬಿನ ಕಂಪ್ಯೂಟರ್ ಒಂದು ಬಗೆಯಲ್ಲಿ, ಬೆಡ್‌ಗಳ ಕಂಪ್ಯೂಟರ್ ಇನ್ನೊಂದು ಬಗೆಯಲ್ಲಿ ಮಾಹಿತಿ ಇಡುತ್ತಿದ್ದವು. ಎರಡನ್ನೂ ಆಸ್ಪತ್ರೆಗಳು ಒಪ್ಪಿಕೊಂಡ ಒಂದೇ ಮಾದರಿಗೆ ತಂದು, ವಾರ್ಡಿನ ಗೋಡೆಯ ಪರದೆಯಲ್ಲಿ ಒಟ್ಟಿಗೆ ತೋರಿಸುವುದು ನನ್ನ ಕೆಲಸ. ಜೋಡಿಸಬೇಕಾದದ್ದು ರೋಗಿಯ ನಂಬರಿನಿಂದ. ಎರಡು ಕಡೆಯ ನಂಬರುಗಳು ಬೇರೆಯಾಗಿದ್ದವು; ಹೊಂದಿಸಲು ಸಮಯ ಹಿಡಿಯುತ್ತಿತ್ತು. ನಾನು ಬೆಡ್ ನಂಬರಿನಿಂದ ಜೋಡಿಸಿದೆ.

“ಕಂಪ್ಯೂಟರ್ ಸಾರ್, ನಮ್ಮಲ್ಲಿ ಮೊದ್ಲು ಪೇಷೆಂಟ್ ಶಿಫ್ಟ್ ಆಗ್ತಾರೆ. ಎಂಟ್ರಿ ಮಾಡೋದು ರೌಂಡ್ಸ್ ಮುಗಿದ್ಮೇಲೆ. ನೋಡ್ಕೊಳ್ಳಿ,” ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ತಲೆಯಾಡಿಸಿದ್ದೆ. ಬರೆದುಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಹನ್ನೆರಡನೇ ಬೆಡ್ಡಿನವರನ್ನು ಕಿಟಕಿಯ ಪಕ್ಕಕ್ಕೆ ಕಳಿಸಿ, ಅಲ್ಲಿಗೆ ಅತ್ತಿಬೆಲೆಯ ಕಾರ್ಖಾನೆಯಲ್ಲಿ ದುಡಿಯುವ ಕಿಡ್ನಿ ರೋಗಿಯೊಬ್ಬನನ್ನು ತಂದರು. ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲೆ ಹನ್ನೆರಡು ಕೆಂಪಾಯಿತು: ಪೊಟ್ಯಾಸಿಯಂ ಕಡಿಮೆ. ಅದು ಮೊದಲಿದ್ದವರ ರಕ್ತದ ವರದಿ; ಬೆಡ್ ಬದಲಾದದ್ದರ ಎಂಟ್ರಿ ಇನ್ನೂ ಆಗಿರಲಿಲ್ಲ. ತಮ್ಮ ಕೋಣೆಯಲ್ಲೇ ಅದೇ ಪರದೆ ನೋಡಿದ ಡಾಕ್ಟರು ಫೋನಿನಲ್ಲೇ ಪೊಟ್ಯಾಸಿಯಂ ಡ್ರಿಪ್ ಹೇಳಿದರು. ಹೊಸ ನರ್ಸ್ ಬಾಟಲಿ ತೂಗುಹಾಕಿ ನಳಿಗೆ ಜೋಡಿಸಿದಳು. ಕಿಡ್ನಿ ಸೋತವನಿಗೆ ಅದು ಇಳಿದರೆ ಹೃದಯ ನಿಲ್ಲಬಹುದು.

“ಅಣ್ಣ, ನಿಮ್ ಹೆಸ್ರೇನು?” ಸಿಸ್ಟರ್ ಕೇಳಿದರು.

“ಮುಂಜಾನಿಂದ ಮೂರನೇ ಸಲ ಕೇಳಾಕತ್ತೀರಿ ಅಕ್ಕಾರ, ಹೆಣ್ಣು ಕೊಡಾವ್ರದೀರೇನು?” ಎಂದು ನಕ್ಕು ಅವನು ಹೆಸರು ಹೇಳಿದ.

ಅವರು ಅವನ ಹೆಸರಿದ್ದ ಕೈಪಟ್ಟಿ ನೋಡಿದರು; ವರದಿ ಬೇರೆಯವರದ್ದು. ಡ್ರಿಪ್ಪಿನ ಚಕ್ರ ತಿರುಗಿಸಿ ಮುಚ್ಚಿದರು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

“ಬೆಡ್ಡಿಗೇನ್ ಪೊಟ್ಯಾಸಿಯಂ ಕಮ್ಮಿ ಆಗತ್ತಾ ಸಾರ್?” ಎಂದರು ಪರದೆಯ ಬಳಿ ನಿಂತಿದ್ದ ನನಗೆ, ಮೆಲ್ಲಗೆ.

ಘಟನೆಗಳ ಪುಸ್ತಕದಲ್ಲಿ ಅವರು ಬರೆದದ್ದು ಒಂದೇ ಸಾಲು: “ಬೆಡ್ ಬದಲಾದದ್ದನ್ನು ನಾನು ತಡವಾಗಿ ದಾಖಲಿಸಿದೆ.” ಅದರ ಕೆಳಗೆ ಬೆಡ್ ನಂಬರಿನಿಂದ ಜೋಡಿಸಿದ ನನ್ನ ತಪ್ಪನ್ನು ನಾನು ಬರೆಯಲಿಲ್ಲ. ನಾಲ್ಕನೇ ದಿನ ಅದನ್ನು ಬರೆಯುವಷ್ಟರಲ್ಲಿ ಅವರನ್ನು ವಾರ್ಡಿನಿಂದ ತೆಗೆದು ಚೀಟಿ ಕೊಡುವ ಕೌಂಟರಿಗೆ ಹಾಕಿಯಾಗಿತ್ತು. ಅಲ್ಲಿಗೇ ಹೋಗಿ ಹೇಳಿದೆ.

“ಬರೆದ್ರಾ? ಸರಿ. ಪೇಷೆಂಟ್ ನಂಬರ್ ಜೋಡ್ಸಿದ್ರಾ?”

“ಇನ್ನೂ ಇಲ್ಲ ಸಿಸ್ಟರ್.”

“ಮತ್ತೆ ಇಲ್ಲೇನ್ ಮಾಡ್ತಿದೀರ? ಹೋಗ್ರೀ!”

ಹೋದೆ. ಎರಡು ಕಡೆಯ ನಂಬರು ಹೊಂದಿಸಲು ಹನ್ನೊಂದು ದಿನ ಸಾಕಾಯಿತು. ಅವರನ್ನು ಯಾರೂ ವಾರ್ಡಿಗೆ ವಾಪಸು ಕರೆಯಲಿಲ್ಲ. ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಆ ಹನ್ನೊಂದು ದಿನವನ್ನು ನಾನು ಮೊದಲೇ ಕೊಡಲಿಲ್ಲವೆಂದು ಅವರು ಕೊನೆಯವರೆಗೂ ಯಾರಿಗೂ ಹೇಳಿರಲಿಲ್ಲ.